ಸೋದರತ್ತೆಯ ಬೆನ್ನು

ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಶಿವಗಂಗಾ ಕುರಕುಂಟಾ ಊರಿನ ಆ ಮನೆಯ ಬಾಗಿಲಿಗೆ ಬಂದಳು. ಕೂಸಿನ ಅಜ್ಜಿ ಪೀರಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

"ಯಾರು ಕರ್ದಾರ ನಿನಗ?"

"ಹೆಸರಿಡಲಿಕ್ಕ ಸೋದರತ್ತಿ ಬ್ಯಾಡೇನ್ರಿ, ಅತ್ತಿ?"

"ಅತ್ತಿ ಅನಬ್ಯಾಡ. ಮದುವಿ ಆಗಿದ್ರ ಅತ್ತಿ. ಇವತ್ತು ನಾಳಿ ಅಂತ ವರ್ಷ ಕಳದಾನ ನಿನ್ನ ತಮ್ಮ. ಈಗ ನನ್ನ ಮಗಳೇ ಅವನು ಬ್ಯಾಡ ಅಂದಾಳ."

ಮಾತು ಸುಳ್ಳಲ್ಲ. ಅವಳ ತಮ್ಮ ಸಾಯಿಕುಮಾರ ಮದುವೆಗೆ ಮೀನಮೇಷ ಎಣಿಸುತ್ತ ಕುಳಿತ. ಕೂಸು ಕಾಯಲಿಲ್ಲ, ಹುಟ್ಟಿಬಿಟ್ಟಿತು. ಮೂರು ತಿಂಗಳಾದರೂ ಈ ಮನೆಯವರು ಅವನಿಗೆ ಮಗಳ ಮುಖ ತೋರಿಸಿರಲಿಲ್ಲ. ಹಿಂದಿನ ದಿನ ಸೇಡಂನ ವಕೀಲರ ಹತ್ತಿರ ಹೋಗಿದ್ದ. "ಮದುವಿ ಇಲ್ಲಂದ್ರ ಮೊದಲ ಹಕ್ಕು ತಾಯಿದು ತಮ್ಮಾ. ನೋಡಲಿಕ್ಕ ಬಿಡ್ರಿ ಅಂತ ಅರ್ಜಿ ಹಾಕೂಣು. ಆದ್ರ ಆರ್ಡರ್ ಬರೂದ್ರಾಗ ಕೂಸಿಗಿ ಹಲ್ಲು ಬರ್ತಾವ" ಎಂದರಂತೆ ಅವರು. ಈಗ ಎದುರಿನ ಬೇವಿನ ಮರದಡಿ ಪೆಚ್ಚು ಮೋರೆ ಹಾಕಿಕೊಂಡು ನಿಂತಿದ್ದ. ತಪ್ಪು ಅವನದೇ ಆದರೂ ನೋಡಿದರೆ ಅಯ್ಯೋ ಪಾಪ ಅನಿಸುವಂತಿದ್ದ.

ಒಳಗೆ ನೆರೆಮನೆಯ ಹೆಂಗಸರು ಚಡಪಡಿಸತೊಡಗಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದ ಕೂಡಲೇ ಅವಳ ಬೆನ್ನಿಗೆ ಎಲ್ಲರೂ ಗುದ್ದಬೇಕು. ಅದಿಲ್ಲದೆ ಅದೆಂಥ ತೊಟ್ಟಿಲ ಕಾರ್ಯ?

"ಪೀರಮ್ಮಾ, ಆಕಿನ್ನ ಒಳಗ ಬಿಡು. ಇಲ್ಲಂದ್ರ ನಾವು ಯಾರಿಗಿ ಗುದ್ದೂದು?" ಎಂದಳು ಚಂದಮ್ಮ, ಸೆರಗು ಸಿಕ್ಕಿಸಿಕೊಳ್ಳುತ್ತ.

ಗುದ್ದುವ ಮಾತು ಪೀರಮ್ಮನಿಗೂ ರುಚಿಸಿತು. ದಾರಿ ಬಿಟ್ಟಳು.

ಕೂಸಿನ ತಾಯಿ ರಾಧಿಕಾ ಮೆಲ್ಲಗೆ ಹೆಸರು ಹೇಳಿಕೊಟ್ಟಳು. ಶಿವಗಂಗಾ ತೊಟ್ಟಿಲಿಗೆ ಬಾಗಿ "ಲುಂಬಿನಿ" ಎಂದು ಕೂಸಿನ ಕಿವಿಯಲ್ಲಿ ಉಸುರಿದ್ದೇ ತಡ, ಗುದ್ದುಗಳು ಬಿದ್ದವು. ಚಂದಮ್ಮನದು ಶಾಸ್ತ್ರದ ಗುದ್ದು. ಪೀರಮ್ಮನದು ಮಾತ್ರ ಯಾವ ಶಾಸ್ತ್ರಕ್ಕೂ ಸೇರಿದ್ದಲ್ಲ. ಶಿವಗಂಗಾ "ಯವ್ವಾ!" ಎಂದು ಚೀರಿದಳು.

"ಅದು ನಿನ್ನ ತಮ್ಮಂದು" ಎಂದು ಪೀರಮ್ಮ ಮತ್ತೆ ಕೈ ಎತ್ತಿದಳು.

ರಾಧಿಕಾ ತಾಯಿಯ ಕೈ ಹಿಡಿದಳು. "ಸಾಕು ಬಿಡವ್ವ. ಅವನ ಪಾಲಿಂದು ಅಕ್ಕ ಯಾಕ ತಿನಬೇಕು? ಅವನ್ನೇ ಕರೀರಿ. ನಾನೇ ಕೊಡ್ತೀನಿ."

ಯಾರೂ ಕರೆಯಲು ಹೋಗುವ ಮೊದಲೇ ಸಾಯಿಕುಮಾರ ಹೊಸ್ತಿಲು ದಾಟಿದ್ದ. ನೇರ ಬಂದು ತೊಟ್ಟಿಲಿಗೆ ಬಾಗಿದ. ರಾಧಿಕಾ ವರ್ಷದ ಸಿಟ್ಟನ್ನೆಲ್ಲ ಮುಷ್ಟಿಗೆ ತಂದುಕೊಂಡು ಅವನ ಬೆನ್ನಿಗೊಂದು ಕೊಟ್ಟಳು. ಹಿಂದೆಯೇ ಇನ್ನೊಂದು.

ಅವನು ತಲೆ ಎತ್ತಲಿಲ್ಲ.

"ಅವಸರ ಮಾಡಬ್ಯಾಡ, ರಾಧಿಕಾ. ಸಾವಕಾಶ ಹೊಡಿ. ನಾ ಇನ್ನಾ ನೋಡಾಕತ್ತೀನಿ."