ಮೋಡೆಮ್ಮಿನ ಕಳ್ಳ

ಅವನು ಏನನ್ನೂ ಮುಟ್ಟಿರಲಿಲ್ಲ. ಆದರೂ ಫೋನ್ ಲೈನಿಗೆ ಇಂಟರ್‌ನೆಟ್ ಜೋಡಿಸಿದರೆ ಸಾಕು, ಮೋಡೆಮ್ಮಿನ ದೀಪ ಮಿಣಮಿಣ ಅನ್ನುತ್ತಿತ್ತು. ಏನೋ ಒಳಗೆ ಬರುತ್ತಿತ್ತು.

"ವೈರಸ್ಸೇ ಸಾರ್," ಅಂದ, ಬೆಳಗ್ಗೆಯಿಂದ ಹುಡುಕುತ್ತಿದ್ದ ರಿಪೇರಿಯವನು.

"ಕಟ್ ಮಾಡಪ್ಪ. ನೆಟ್ ಇದ್ದಷ್ಟು ಹೊತ್ತೂ ಫೋನ್ ಎಂಗೇಜು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಅಲ್ಲಿಂದ ಫೋನ್ ಬರಬಹುದು."

"ಇನ್ನೊಂಚೂರು ತಡೀರಿ. ಕಟ್ ಮಾಡಿದ್ರೆ ಕಳ್ಳ ತಪ್ಪಿಸ್ಕೋತಾನೆ."

ಭಾಮೈದ ಕೂರಿಸಿಕೊಟ್ಟಿದ್ದ ಕಂಪ್ಯೂಟರಿನ ಗಂಧಗಾಳಿಯಿಲ್ಲದ ಅವನು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತ.

ಸಂಜೆ ಹೊತ್ತಿಗೆ ರಿಪೇರಿಯವನು ಕೂಗಿದ: "ಸಿಕ್ತು ಸಾರ್! ವೈರಸ್ಸಲ್ಲ, ನಿಮ್ಮ ಈಮೇಲು. ತಾನಾಗೇ ಇಳೀತಿದೆ."

ಇವತ್ತಿನವೆಲ್ಲ ಭಾಮೈದನವು. ಮೊದಲನೆಯದು: "ಭಾವ, ನಿಮ್ಮ ಫೋನ್ ಎಂಗೇಜು. ಅಕ್ಕ ನಿಮ್ಮ ದನಿ ಕೇಳಬೇಕಂತೆ."

ಕೊನೆಯದು: "ಭಾವ, ಮಗು ಉಳೀತು."