ಜಫರ್ ತಂದ ನೀರು

ದೇವಲಾಪುರದ ಬೋರ್‌ವೆಲ್ ಮೋಟಾರು ಸುಟ್ಟುಹೋಗುವುದಕ್ಕೂ ಬೆಂಗಳೂರಿನ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಅಸ್ಫಿಯಾಳ ಮುಖ ಬಾಡಿತು. ನೀರಿನ ಫ್ಲೋರೈಡ್ ತೆಗೆಯುವ ಸೋಲಾರ್ ಘಟಕವನ್ನು ಅವಳು ಊರ ಮಧ್ಯೆ ಕಟ್ಟಿ ನಿಲ್ಲಿಸಿದ್ದಳು. ಈಗ ಅದಕ್ಕೆ ಹಾಕಲು ನೀರೇ ಇಲ್ಲ. ಕಾರಿನಿಂದ ಇಳಿದವಳು ಚೈತನ್ಯ, ಇಂಥ ಕೆಲಸಗಳಿಗೆ ಬಂಡವಾಳ ಹಾಕುವ ಸಂಸ್ಥೆಯವಳು.

"ಶುದ್ಧ ನೀರು ಅಂದರೆ ಈಗ ದುಡ್ಡು ಹಾಕೋರು ನಾ ಮುಂದು ತಾ ಮುಂದು ಅಂತಿದ್ದಾರೆ. ಆದರೆ ಇದೇ ಊರಿನ ನೀರಲ್ಲಿ ನಾನು ಕಣ್ಣಾರೆ ನೋಡಬೇಕು. ಮಧ್ಯಾಹ್ನ ಹಾಸನದಲ್ಲಿ ಇನ್ನೊಂದು ಕಂಪನಿಯವರು ಕಾಯ್ತಿರ್ತಾರೆ," ಎಂದಳು.

ಟ್ಯಾಂಕರಿಗೆ ಒರಗಿ ನಿಂತಿದ್ದ ಜಫರ್ ಎಲ್ಲವನ್ನೂ ಕೇಳಿಸಿಕೊಂಡ. ಅವನು ಅಸ್ಫಿಯಾಳ ಅಪ್ಪ. ದೂರದಿಂದ ಸಿಹಿನೀರು ತಂದು ಈ ಊರಿಗೆ ಮಾರುವುದೇ ಅವನ ಬದುಕು; ಮಗಳನ್ನು ಇಂಜಿನಿಯರ್ ಮಾಡಿದ್ದೂ ಆ ಟ್ಯಾಂಕರೇ. ಘಟಕ ಗೆದ್ದರೆ ಟ್ಯಾಂಕರನ್ನು ಕೇಳುವವರಿಲ್ಲ. ಅದಕ್ಕೇ ಅಪ್ಪ ಮಗಳ ನಡುವೆ ಮಾತು ಕಡಿಮೆಯಾಗಿತ್ತು. ಈಗ ಅವನು ಸುಮ್ಮನಿದ್ದರೆ ಸಾಕು, ಕಾರು ತಾನಾಗಿ ಹೊರಟುಹೋಗುತ್ತಿತ್ತು. ಆದರೆ ಮಗಳು ತುಟಿ ಕಚ್ಚಿಕೊಂಡು ಅಳು ನುಂಗುತ್ತಿದ್ದುದು ಕಂಡು ಅವನು ಟ್ಯಾಂಕರಿನ ಪೈಪಿಗೆ ಕೈಹಾಕಿದ.

ಕೊಡ ಹಿಡಿದು ಬಂದ ಕುಳ್ಳಮ್ಮ, "ಜಫರಣ್ಣ, ಪೈಪು ಬುಡು," ಎಂದಳು.

"ಎಲ್ಲಾರ್ನೂ ಕೂಗು ಕುಳ್ಳಮ್ಮಾ, ತುಂಬ್ಕೊಂಡು ಹೋಗ್ಲಿ. ಇವತ್ತು ಕಾಸು ಬ್ಯಾಡ. ಟ್ಯಾಂಕು ಖಾಲಿಯಾಗ್ಬೇಕು, ಜಲ್ದಿ!"

"ಅದ್ಯಾಕಣ್ಣ?"

"ನಿಮ್ಮೂರ ಕೆಟ್ಟ ನೀರು ತುಂಬ್ಕೊಂಡು ಬರಕ್ಕೆ."

ಖಾಲಿ ಟ್ಯಾಂಕರು ಧೂಳೆಬ್ಬಿಸಿಕೊಂಡು ಊರಂಚಿನ ಮಂಚಯ್ಯನ ಹೊಲಕ್ಕೆ ಓಡಿತು. ಅಲ್ಲಿನ ಬೋರಿನ ನೀರು ತುಂಬಿಸಿಕೊಂಡು ಜಫರ್ ಬಂದು ನಿಂತಾಗ ಚೈತನ್ಯ ಕಾರಿನ ಬಾಗಿಲಿಗೆ ಕೈಹಾಕಿದ್ದಳು.

"ಅಬ್ಬಾಜಾನ್, ನೀವಾ?" ಅಸ್ಫಿಯಾ ನಂಬಲಾರದೆ ನೋಡಿದಳು.

"ಬಾಯಿ ಬಿಟ್ಕೊಂಡು ನಿಂತ್ಯಲ್ಲ ಬೇಟಿ, ಪೈಪು ಹಿಡ್ಕೊ."

ಘಟಕ ಗುಂಯ್‌ಗುಟ್ಟಿತು. ಚೈತನ್ಯ ತಾನೇ ಎರಡು ಶೀಶೆಗಳಲ್ಲಿ ನೀರು ಹಿಡಿದು, ಪರೀಕ್ಷೆಯ ಔಷಧಿ ಬಿಟ್ಟಳು. ಟ್ಯಾಂಕರಿನ ನೀರು ಹಳದಿಗೆ ತಿರುಗಿತು. ಕುಡಿಯಬಾರದ ನೀರಿನ ಬಣ್ಣ ಅದು. ಘಟಕದಿಂದ ಬಂದ ನೀರು ಮಾತ್ರ ಅಚ್ಚ ಗುಲಾಬಿ. ನೆರೆದ ಹೆಂಗಸರು ಹೋ ಎಂದು ಕೂಗಿದರು. ಚೈತನ್ಯ ಶೀಶೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಹಾಸನಕ್ಕೆ ನಾನು ಹೋಗಲ್ಲ ಅಸ್ಫಿಯಾ. ಇದು ಒಂದೇ ಊರಲ್ಲಿದ್ದರೆ ಸಾಲದು. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಎಲ್ಲಾ ಕಡೆ ಹಾಕೋಣ. ಬಂಡವಾಳ ನಮ್ಮದು."

ಅಸ್ಫಿಯಾ ಓಡಿಬಂದು ಅಪ್ಪನನ್ನು ಅಪ್ಪಿಕೊಂಡಳು. ಜಫರನ ಅಂಗಿಯೆಲ್ಲ ಒದ್ದೆ, ಎದೆ ಮಾತ್ರ ಉಬ್ಬಿತ್ತು.

ಕುಳ್ಳಮ್ಮನ ದನಿ ಮೆತ್ತಗಾಯಿತು. "ಅಂಗಾರೆ ಇನ್ಮೇಲೆ ನೀನು ನಮ್ಮೂರಿಗೆ ಬರಕ್ಕಿಲ್ವಾ ಜಫರಣ್ಣ?"

"ಬರ್ದೆ ಏನವ್ವ? ನೆಂಟನಂಗೆ ಬರ್ತೀನಿ," ಎಂದು ನಕ್ಕ ಜಫರ್. "ಬಂದಾಗ ಒಂದು ಲೋಟ ನೀರು ಕೊಡು, ಸಾಕು."