ಆರಿದ ಬೋಂಡಾ

ಇದು ತಮಗಾಗಿ ಮಾಡಿದ ತಿಂಡಿಯಲ್ಲ ಎಂದು ಪದ್ಮಶ್ರೀಗೆ ಹೊಳೆದದ್ದು ಎರಡನೆಯ ಬೋಂಡಾ ಕಚ್ಚಿದಾಗ. ಅಷ್ಟರಲ್ಲಿ ಅವಳ ಅಣ್ಣ ದೇವರಾಜ ಐದನೆಯದನ್ನು ಮುಗಿಸುತ್ತಿದ್ದ.

ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಬಿಡಲೂ ಆಗದೆ ಅವಳು ನಡುಮನೆಯನ್ನು ಮತ್ತೊಮ್ಮೆ ನೋಡಿದಳು. ಸಾಲಾಗಿ ಎಂಟು ಬಾಡಿಗೆ ಕುರ್ಚಿ. ಹೊಸ ಜಮಖಾನ. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ. ಟೀವಿಯ ಪಕ್ಕ ಹುಡುಗಿಯೊಬ್ಬಳ ಸ್ಟುಡಿಯೋ ಫೋಟೊ. ಮುಖಕ್ಕೆ ಎಷ್ಟು ಬಿಳುಪು ತುಂಬಿದ್ದರೆಂದರೆ ಕಣ್ಣು, ಮೂಗುತಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಎದುರಿಗೆ ಕೇಸರಿಬಾತು, ಬೋಂಡಾ. ಈ ಎರಡು ಒಂದೇ ತಟ್ಟೆಯಲ್ಲಿ ಕೂತರೆ ಸಾಕು, ಮನೆಗೆ ಹೆಣ್ಣು ನೋಡಲು ಜನ ಬರುತ್ತಿದ್ದಾರೆಂದು ಸೂಲಿಬೆಲೆ ಕಡೆ ಯಾರು ಬೇಕಾದರೂ ಹೇಳಿಯಾರು.

ಬಂದವರು ಮಾತ್ರ ಇವರಲ್ಲ.

ಇವರು ಹೊರಟದ್ದು ನಂದಗುಡಿಯ ಸೋದರಮಾವನ ಗೃಹಪ್ರವೇಶಕ್ಕೆ. ಸೂಲಿಬೆಲೆ ದಾಟಿ ಎರಡು ಕಿಲೋಮೀಟರಿಗೆ ಅಪ್ಪ ಲಕ್ಷ್ಮಯ್ಯನವರ ಹಳೇ ಕಾರು ಹಬೆ ಉಗುಳಿ ನಿಂತಿತ್ತು. ಎದುರು ಮನೆಯ ಯಜಮಾನ ಪಿಳ್ಳಪ್ಪ ಕೊಡ ತುಂಬ ನೀರು ಹೊತ್ತು ಓಡಿ ಬಂದಿದ್ದರು. ದೇವರಾಜನ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಮ್ಮನ ರೇಷ್ಮೆ ಸೀರೆ, ಪದ್ಮಶ್ರೀಯ ತೊಡೆಯ ಮೇಲಿದ್ದ ಹಣ್ಣಿನ ಬುಟ್ಟಿ, ಎಲ್ಲವನ್ನೂ ನೋಡಿದ್ದರು. ಆಮೇಲೆ ಅವರ ಮುಖ ಅರಳಿತ್ತು.

“ಒಳ್ಳೇ ಹೊತ್ತಿಗೆ ಬಂದ್ರಿ! ಒಳಗ್ ಬನ್ನಿ ಯಜಮಾನ್ರೇ, ಬಿಸಿಲಲ್ಲಿ ಯಾಕ್ ನಿಂತಿದೀರಾ? ಸೂಲಿಬೆಲೆಯಿಂದ ನಮ್ ಮಸ್ತಾನ್‌ನ ಕರೆಸ್ತೀನಿ, ಅವನು ಮುಟ್ಟುದ್ರೆ ಎಂಥಾ ಗಾಡೀನೂ ಎದ್ದು ಕೂರುತ್ತೆ.”

ನೀವು ಯಾರು, ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ತಪ್ಪಾದದ್ದೇ ಅಲ್ಲಿ ಎಂದು ಪದ್ಮಶ್ರೀಗೆ ಈಗ ಅನ್ನಿಸಿತು.

“ಹುಡುಗ ಎಲ್ ಕೆಲ್ಸ ಮಾಡ್ತಿರೋದು?” ಪಿಳ್ಳಪ್ಪ ಕೇಳುತ್ತಿದ್ದರು.

“ಏರ್‌ಪೋರ್ಟ್ ಕಾರ್ಗೋದಲ್ಲಿ,” ಎಂದರು ಅಪ್ಪ ಹೆಮ್ಮೆಯಿಂದ.

ಮುಗಿಯಿತು, ಎಂದುಕೊಂಡಳು ಪದ್ಮಶ್ರೀ. ದೇವರಾಜನಿಗೆ ಕಳೆದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು. ಉಂಗುರ ತೊಟ್ಟ ಅದೇ ಕೈ ಈಗ ಆರನೆಯ ಬೋಂಡಾದತ್ತ ಹೊರಟಿತ್ತು.

“ತಿನ್ನವ್ವ, ಯಾಕ್ ಸುಮ್ನೆ ಕೂತಿದೀಯಾ? ಆರ್ಹೋಗಿದೆ, ಬೇಜಾರ್ ಮಾಡ್ಕೋಬೇಡ.” ಮನೆಯಾಕೆ ಮುನಿತಾಯಮ್ಮ ಅವಳ ತಟ್ಟೆಗೆ ಮತ್ತೊಂದು ಹಾಕಿದರು. ಅವರ ಕಣ್ಣು ಕೆಂಪಾಗಿತ್ತು.

“ಏನಮ್ಮಾ, ಕಣ್ಣು ಹಿಂಗಾಗಿದೆ?” ಅಮ್ಮ ಕೇಳಿದಳು.

“ಒಲೆ ಹೊಗೆ ಕಣಕ್ಕ.”

ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಪದ್ಮಶ್ರೀ ಅದನ್ನು ನೋಡಿದಳು, ಯೋಚಿಸಲು ಪುರುಸೊತ್ತಿರಲಿಲ್ಲ. ಯಾವ ಗಳಿಗೆಯಲ್ಲಾದರೂ ಆ ಹುಡುಗಿ ಕಾಫಿ ತಟ್ಟೆ ಹಿಡಿದು, ತಲೆ ತಗ್ಗಿಸಿ, ಯಾರೋ ಗೊತ್ತಿಲ್ಲದವರ ಮುಂದೆ ಬಂದು ನಿಲ್ಲಬಹುದು. ಅದೇ ಗಳಿಗೆಗೆ ನಿಜವಾದ ಗಂಡಿನ ಕಡೆಯವರೂ ಬಾಗಿಲಿಗೆ ಬರಬಹುದು. ಬಂದು ನೋಡುವುದೇನು? ಖಾಲಿ ತಟ್ಟೆ, ಮತ್ತು ಇನ್ನೊಬ್ಬ ಬಿಳಿ ಅಂಗಿಯವನು.

ಯಾರಾದರೂ ಹೇಳಬೇಕು. ಅಪ್ಪ ಜಮೀನಿನ ರೇಟಿನ ಮಾತಿಗಿಳಿದಿದ್ದರು. ಅಮ್ಮ ಕೇಸರಿಬಾತಿನ ತುಪ್ಪ ಹೊಗಳುತ್ತಿದ್ದಳು. ಉಳಿದದ್ದು ಪದ್ಮಶ್ರೀ. ಬಸ್ಸಿನಲ್ಲಿ ‘ಸ್ಟಾಪ್’ ಎನ್ನಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು. ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ಜೋಡಿಸಿಕೊಂಡಳು. ನಾಲ್ಕನೆಯ ಸಲ ಎದ್ದು, “ಕೈ ತೊಳೀಬೇಕು,” ಎಂದಳು.

ಹಿತ್ತಲಲ್ಲಿ ಹುಡುಗಿಯೊಬ್ಬಳು ಕರುವಿನ ಕೊರಳಿಗೆ ಹೂ ಕಟ್ಟುತ್ತಿದ್ದಳು. ಮಾಸಿದ ಚೂಡಿದಾರ್, ಎತ್ತಿ ಕಟ್ಟಿದ ಕೂದಲು. ಹೂ ಮಾತ್ರ ಎರಡು ಮೊಳ ಮಲ್ಲಿಗೆ.

“ಇದಕ್ಕೆ ಚೆನ್ನಾಗ್ ಕಾಣ್ಸುತ್ತೆ ಅಲ್ವಾ?” ಎಂದಳು ಹುಡುಗಿ.

ಕಿರಿಯವಳಿರಬೇಕು. ಸದ್ಯ, ದೊಡ್ಡವರಿಗಿಂತ ಇವಳಿಗೆ ಹೇಳುವುದು ಸುಲಭ. ಅಷ್ಟರಲ್ಲಿ ಮುಂಬಾಗಿಲ ಕಡೆ ಕಾರಿನ ಹಾರನ್ ಕೇಳಿತು. ಬಂದೇ ಬಿಟ್ಟರು! ಪದ್ಮಶ್ರೀಯ ಜೋಡಿಸಿದ ವಾಕ್ಯ ಚೆಲ್ಲಾಪಿಲ್ಲಿಯಾಯಿತು.

“ನಿಮ್ ಅಕ್ಕ... ನಿಮ್ ಅಕ್ಕನಿಗೆ ಹೊರಗ್ ಬರ್ಬೇಡಿ ಅಂತ ಹೇಳ್ರೀ. ನಾವು ಅವರಲ್ಲ. ಕಾರ್ ಕೆಟ್ಟು ನಿಂತೋರು ಅಷ್ಟೆ. ನಮ್ಮಣ್ಣಂಗೆ ಆಗ್ಲೇ ಹುಡುಗಿ ಗೊತ್ತಾಗಿದೆ. ಆರು ಬೋಂಡಾ ತಿಂದ್ಬಿಟ್ಟಿದಾನೆ. ತಪ್ಪಾಯ್ತು.”

ಹುಡುಗಿ ಕಣ್ಣರಳಿಸಿ ನೋಡಿದಳು. ಆಮೇಲೆ ಕರು ಬೆಚ್ಚಿ ಹಿಂದೆ ಸರಿಯುವಷ್ಟು ಜೋರಾಗಿ ನಕ್ಕಳು.

“ಯಣ್ಣೋ, ಗಾಡಿ ರೆಡಿ! ಪೈಪ್ ಒಡ್ದಿತ್ತು, ಅಷ್ಟೆ!” ಬೀದಿಯಿಂದ ಮಸ್ತಾನ್ ಕೂಗಿದ. ಇನ್ನೊಮ್ಮೆ ಹಾರನ್ ಬಾರಿಸಿದ. ಆಗ ಕೇಳಿಸಿದ್ದೂ ತಮ್ಮದೇ ಕಾರಿನ ಹಾರನ್.

“ನಂಗೆ ಅಕ್ಕಾನೂ ಇಲ್ಲ, ತಂಗೀನೂ ಇಲ್ಲ ಕಣ್ರೀ,” ಎಂದಳು ಹುಡುಗಿ, ಕಣ್ಣೊರೆಸಿಕೊಳ್ಳುತ್ತಾ. “ನಾನೇ ಕೀರ್ತನ. ಆ ಫೋಟೋ ಬಿಡಿ, ಅದನ್ನ ನೋಡಿ ನಮ್ಮಪ್ಪಾನೇ ಯಾರಿದು ಅಂದಿದ್ರು.”

“ಹಾಗಾದ್ರೆ ನೀವಿನ್ನೂ ರೆಡಿಯಾಗಿಲ್ಲ? ಅವರು ಬಂದ್ಬಿಟ್ರೆ?”

ಒಳಗಿನಿಂದ ಪಿಳ್ಳಪ್ಪನವರ ನಗು ಕೇಳಿಸಿತು. ಅದರ ಹಿಂದೆಯೇ ಮುನಿತಾಯಮ್ಮನ ದನಿ: “ಇರಿ, ನಾನೂ ಒಂದ್ ತಟ್ಟೆ ಹಾಕ್ಕೊಂಡ್ ಬರ್ತೀನಿ.” ಕೀರ್ತನ ಬಾಗಿಲ ಕಡೆ ಕಿವಿಗೊಟ್ಟಳು.

“ಅವರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿ ಬರಲ್ಲ ಅಂದ್ಬಿಟ್ರು ಕಣ್ರೀ; ನಿಮ್ ಕಾರ್ ಕೆಟ್ಟು ನಿಲ್ಲೋವರ್ಗೂ ಈ ಮನೇಲಿ ಯಾರೂ ಬಾಯಿಗೆ ಒಂದ್ ತುತ್ತು ಇಟ್ಟಿರ್ಲಿಲ್ಲ.”